ಹಲಸಿನ ಮುಖ, ಬೀಟೆಯ ನೆರಳು

ಬಲಗೈಯ ಹೆಬ್ಬೆರಳನ್ನು ನಾಲಗೆಗೆ ತಾಗಿಸಿ, ಅದೇ ಬೆರಳನ್ನು ಹಲಗೆಯ ಮೇಲೆ ಎಳೆಯುವುದು ಆಚಾರ್ರು ದಿನಕ್ಕೆ ಇಪ್ಪತ್ತು ಸಲವಾದರೂ ಮಾಡುತ್ತಿದ್ದ ಕೆಲಸ. ಒಣಗಿದ ಮರ ತನ್ನ ಬಣ್ಣವನ್ನು ಪೂರ್ತಿ ತೋರಿಸುವುದಿಲ್ಲ, ಒದ್ದೆಯಾದರೆ ತೋರಿಸುತ್ತದೆ. ಪಾಲಿಶ್ ಹಚ್ಚಿದ ಮೇಲೆ ಹೇಗೆ ಕಾಣಬಹುದು ಎಂಬುದನ್ನು ಅವರು ಒಂದು ಬೆರಳಗಲದ ಎಂಜಲಿನಲ್ಲಿ ಮೊದಲೇ ನೋಡಿಬಿಡುತ್ತಿದ್ದರು. ವರ್ಷ ಒಂದಾಯಿತು, ನನಗೆ ಆ ಬೆರಳು ಕಾಣುತ್ತಲೇ ಇದೆ. ಪಾತ್ರೆ ತೊಳೆಯುವಾಗ ಕಾಣುತ್ತದೆ. ಬಸ್ಸಿನಲ್ಲಿ ಯಾರಾದರೂ ಪುಸ್ತಕದ ಹಾಳೆ ಮಗುಚಲು ಬೆರಳನ್ನು ಬಾಯಿಗೆ ಕೊಂಡುಹೋದರೆ ಮುಖ ತಿರುಗಿಸಿಬಿಡುತ್ತೇನೆ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಸಿದ್ಧಕಟ್ಟೆಯ ಹತ್ತಿರ ಅವರ ಶೆಡ್ಡು ಇತ್ತು. ಅಲ್ಲಿ ಅವರು ಮನುಷ್ಯರ ಮುಖಗಳನ್ನು ಮರದಲ್ಲಿ ಮಾಡುತ್ತಿದ್ದರು. ಕೆತ್ತನೆಯಲ್ಲ, ಕತ್ತರಿಸುವುದು. ಹೊಲಿಗೆ ಮೆಷಿನ್ನಿನ ಸೂಜಿಯಂತೆ ಮೇಲೆ ಕೆಳಗೆ ಆಡುವ, ದಾರದಷ್ಟು ಸಪೂರದ ಗರಗಸ. ಅದಕ್ಕೆ ಅಂಗಡಿಯವರು ಕೊಟ್ಟ ಇಂಗ್ಲಿಷ್ ಹೆಸರು ಬೇರೆ ಇತ್ತು, ಇವರು ಮಾತ್ರ ಅದನ್ನು ‘ಮರ ಹೊಲಿಯುವ ಮೆಷಿನು’ ಎಂದೇ ಕರೆಯುತ್ತಿದ್ದರು. ತೆಳು ಬಣ್ಣದ ಹಲಗೆಯಲ್ಲಿ ಕಣ್ಣು, ಮೂಗಿನ ನೆರಳು, ಮೀಸೆ, ಕೂದಲು ಇವನ್ನೆಲ್ಲ ಕತ್ತರಿಸಿ ತೆಗೆದು ಹಿಂದೆ ಕಪ್ಪು ಹಲಗೆ ಅಂಟಿಸಿದರೆ ಮುಖವೊಂದು ಎದ್ದು ಬರುತ್ತದೆ. ಕೆಳಗೆ ಹೆಸರಿನ ಪಟ್ಟಿ. ನಿವೃತ್ತರಾಗುವ ಮಾಸ್ತರರಿಗೆ, ಅರವತ್ತು ತುಂಬಿದವರಿಗೆ, ತೀರಿಹೋದ ಅಪ್ಪ ಅಮ್ಮಂದಿರಿಗೆ ಜನ ಮಾಡಿಸುತ್ತಿದ್ದರು.

ನಾನು ಚಿತ್ರದುರ್ಗದ ಕಡೆಯವಳು. ಬಿ.ಕಾಂ. ಮುಗಿಸಿ, ಮದುವೆಯಾಗಿ ಬಂಟ್ವಾಳಕ್ಕೆ ಬಂದೆ. ಪೇಟೆಯಲ್ಲಿ ಕಂಪ್ಯೂಟರ್ ಮತ್ತು ಝೆರಾಕ್ಸಿನ ಸಣ್ಣ ಅಂಗಡಿ ಇಟ್ಟೆ. ತುಳು ನನಗೆ ಇಂದಿಗೂ ಅರ್ಧಂಬರ್ಧ. ಮರಗಳ ಹೆಸರಂತೂ ಅಷ್ಟೂ ಇಲ್ಲ. ನಮ್ಮೂರಲ್ಲಿ ಜಾಲಿ, ಬೇವು, ಹುಣಸೆ ಗೊತ್ತಿದ್ದರೆ ಮುಗಿಯಿತು. ಇಲ್ಲಿ ಹಿತ್ತಲಿನಲ್ಲಿ ನಿಂತರೆ ಹತ್ತು ಬಗೆಯ ಹಸಿರು, ಎಲ್ಲಕ್ಕೂ ನಾನು ‘ಮರ’ ಎಂದೇ ಹೇಳುತ್ತಿದ್ದೆ.

ಆಚಾರ್ರು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಒಬ್ಬ ಹೆಡ್‌ಮಾಸ್ತರರ ಫೋಟೋ ಹಿಡಿದುಕೊಂಡು. ಅದನ್ನು ಬರೀ ಕಪ್ಪು ಬಿಳುಪು ಮಾಡಿ ಕೊಡಬೇಕು, ನಡುವಿನ ಬೂದು ಬಣ್ಣ ಒಂದು ಚೂರೂ ಇರಬಾರದು ಅಂದರು. ಯಾಕೆಂದು ಕೇಳಿದೆ. “ಮರದಲ್ಲಿ ಬೂದು ಇಲ್ಲ ಅಕ್ಕ. ಒಂದೋ ಉಂಟು, ಒಂದೋ ಇಲ್ಲ.” ನಾನು ಎರಡು ನಿಮಿಷದಲ್ಲಿ ಮಾಡಿ ಪ್ರಿಂಟ್ ಕೊಟ್ಟೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮಾಸ್ತರರ ಎರಡೂ ಕಣ್ಣಿಗೆ ಸುತ್ತು ಹಾಕಿದರು. ಕಣ್ಣಿನ ಬಿಳಿ ಸುತ್ತಲಿನ ಕಪ್ಪಿನ ನಡುವೆ ದ್ವೀಪದ ಹಾಗೆ ಒಂಟಿಯಾಗಿತ್ತು. ಕಪ್ಪನ್ನು ಕತ್ತರಿಸಿ ತೆಗೆದರೆ ಆ ಬಿಳಿ ನೆಲಕ್ಕೆ ಬೀಳುತ್ತದೆ, ಅದಕ್ಕೆ ಎಲ್ಲಾದರೂ ಒಂದು ಸೇತುವೆ ಬೇಕು ಎಂದು ವಿವರಿಸಿದರು. ಸೇತುವೆ ಹಾಕಿದರೆ ಮುಖ ಕೆಡಬಾರದು. ಎಲ್ಲಿ ಹಾಕಬೇಕು ಎಂದು ಕೇಳಿದಾಗ, ಮಾಸ್ತರರು ನಗುವಾಗ ಕಣ್ಣಿನ ಬದಿಯಲ್ಲಿ ಗೆರೆ ಬೀಳುತ್ತದೆ, ಅದರ ಮೇಲಿಂದಲೇ ತೆಗೆದುಕೊಂಡು ಹೋಗಿ ಅಂದರು. ಅವರು ಆ ಮಾಸ್ತರರನ್ನು ನೋಡಿದ್ದು ಒಂದೇ ಸಲವಂತೆ.

ಹಾಗೆ ಶುರುವಾದದ್ದು ಆರು ವರ್ಷ ನಡೆಯಿತು. ನಕ್ಷೆ ನನ್ನದು, ಕತ್ತರಿಸುವುದು ಅವರದು. ಬರಬರುತ್ತಾ ವಾರಕ್ಕೆರಡು ಮಧ್ಯಾಹ್ನ ಅವರ ಶೆಡ್ಡಿಗೇ ಹೋಗತೊಡಗಿದೆ. ಹೆಸರಿನ ಪಟ್ಟಿಗಳನ್ನು ಕತ್ತರಿಸಲು ಕಲಿತೆ. ಆಮೇಲೆ ಸುಲಭದ ಮುಖಗಳನ್ನೂ. ಮರ ಆರಿಸುವುದನ್ನು ಮಾತ್ರ ಅವರು ಬಹಳ ಕಾಲ ಬಿಟ್ಟುಕೊಡಲಿಲ್ಲ.

ಒಮ್ಮೆ ಮೂಡುಬಿದಿರೆಯಿಂದ ಒಬ್ಬ ಮಹಿಳೆ ತನ್ನ ತಾಯಿಯ ಚಿತ್ರ ಮಾಡಿಸಲು ಬಂದರು. ಅಮ್ಮ ಕಪ್ಪಗಿದ್ದರು, ಫೋಟೋ ತೆಗೆದವರೆಲ್ಲ ಅವರನ್ನು ಬೆಳ್ಳಗೆ ಮಾಡಿದ್ದಾರೆ, ಇದರಲ್ಲಾದರೂ ಅಮ್ಮ ಅಮ್ಮನ ಹಾಗೇ ಕಾಣಬೇಕು ಎಂದು ಅವರ ಹಟ. ನನಗೆ ಆ ಮಾತು ಬಹಳ ಹಿಡಿಸಿತು. ಹಾಗಾದರೆ ಮುಖಕ್ಕೇ ಕಪ್ಪು ಬೀಟೆ ಹಾಕೋಣ, ಹಿಂದೆ ಬಿಳಿಯ ಹಾಲೆ ಮರ ಹಾಕೋಣ ಎಂದೆ. ಆಚಾರ್ರು ಒಂದು ಚೂರು ಬೀಟೆ ಕೊಟ್ಟು, ಚಿಕ್ಕದಾಗಿ ಮಾಡಿ ನೋಡಿ ಅಂದರು. ಇಡೀ ಮಧ್ಯಾಹ್ನ ಕೂತು ಮಾಡಿದೆ. ಹಿಂದೆ ಬಿಳಿ ಹಲಗೆ ಇಟ್ಟು ಎತ್ತಿ ಹಿಡಿದರೆ ಕಣ್ಣು ಕೂದಲೆಲ್ಲ ಬೆಳ್ಳಗಾಗಿ ಹೊಳೆಯುತ್ತಿತ್ತು. ಮುಖ ಕತ್ತಲು. “ಅಮ್ಮನ ಎಕ್ಸ್‌ರೇ ಆಯ್ತು,” ಅಂದರು ಆಚಾರ್ರು, ಚಹಾ ಹೀರುತ್ತಾ. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು.

ಕೊನೆಗೆ ಅವರೇ ದಾರಿ ತೋರಿಸಿದರು. ಮುಖಕ್ಕೆ ಹಳೆಯ ಹಲಸು, ಹಿಂದಿನ ನೆರಳಿಗೆ ಬೀಟೆ. ಹಲಸು ಹೊಸದರಲ್ಲಿ ಅರಸಿನದ ಬಣ್ಣ, ವರ್ಷ ಕಳೆದ ಹಾಗೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಬೀಟೆ ಬೆಳಕಿಗೆ ಬಿದ್ದರೆ ನಿಧಾನವಾಗಿ ಮಾಸುತ್ತದೆ. ಇವತ್ತು ಎರಡಕ್ಕೂ ಎಷ್ಟು ಅಂತರ ಉಂಟು ಎಂದು ನೋಡಬಾರದು, ಹತ್ತು ವರ್ಷದ ಮೇಲೆ ಎಷ್ಟು ಉಳಿಯುತ್ತದೆ ಎಂದು ನೋಡಬೇಕು. ಅದಕ್ಕಾಗಿ ಅವರು ಶೆಡ್ಡಿನ ಬಿಸಿಲಿನ ಬದಿಯ ಗೋಡೆಗೆ ಎಲ್ಲ ಮರಗಳ ಬೆರಳುದ್ದದ ಚೂರುಗಳನ್ನು ಮೊಳೆ ಹೊಡೆದು ಸಾಲಾಗಿ ಇಟ್ಟಿದ್ದರು. ಬಿಸಿಲು ಮಳೆ ತಿಂದು ಅವು ಯಾವ ಬಣ್ಣಕ್ಕೆ ಬಂದಿವೆ ಎಂದು ನೋಡಿ ಜೋಡಿ ಮಾಡುತ್ತಿದ್ದರು. ಬೀಟೆಗೆ ಹೊಸ ಮರ ಎಂದೂ ಕೊಂಡವರಲ್ಲ. ಮುರಿದ ಮಂಚದ ಕಾಲು, ಹಳೆ ಕಪಾಟಿನ ಬಾಗಿಲು, ಯಾರದೋ ಅಜ್ಜನ ಕಾಲದ ಮೇಜು ಇಂಥವನ್ನೇ ಹುಡುಕಿ ತರುತ್ತಿದ್ದರು. ಮೂಡುಬಿದಿರೆಯ ಆ ಮಗಳು ಸಿದ್ಧವಾದ ಚಿತ್ರವನ್ನು ನೋಡಿ, ತಾಯಿಯ ಹಲಸಿನ ಕೆನ್ನೆಯನ್ನು ಬೆರಳ ಹಿಂಬದಿಯಿಂದ ಮುಟ್ಟಿದರು.

ಹೆಸರಿನ ಪಟ್ಟಿಯ ವಿಷಯದಲ್ಲಿ ಅವರು ಗಿರಾಕಿಗಳ ಜತೆ ಜಗಳವನ್ನೇ ಮಾಡುತ್ತಿದ್ದರು. ಪಟ್ಟಿಗೆ ಮೂರನೆಯ ಮರ ಬೇಕು, ಮುಖದ್ದೂ ಅಲ್ಲ ನೆರಳಿನದ್ದೂ ಅಲ್ಲ, ಸಾಗುವಾನಿಯೋ ಮಾವೋ, ನಡುವಿನದ್ದು. ಇಲ್ಲದಿದ್ದರೆ ಕಣ್ಣು ಮೊದಲು ಹೆಸರಿಗೇ ಹೋಗುತ್ತದೆ, ಮುಖ ಎರಡನೆಯದಾಗುತ್ತದೆ ಎನ್ನುವುದು ಅವರ ಲೆಕ್ಕ. ಇನ್ನು ಬರೆಯುವುದೇನು? ಜನ ದೊಡ್ಡ ಚೀಟಿ ತರುತ್ತಿದ್ದರು. ಮನೆತನ, ಇನಿಷಿಯಲ್ಲು, ಪದವಿ, ಮಾಜಿ ಅಧ್ಯಕ್ಷರು ಎಂದೆಲ್ಲ. ಆಚಾರ್ರು ಓದಿ ಮಡಚಿ ಹಿಂದೆ ಕೊಡುತ್ತಿದ್ದರು. “ಇಷ್ಟು ಉದ್ದ ಕರೆದರೆ ಅವರು ತಿರುಗಿ ನೋಡ್ತಿದ್ರಾ? ಯಾವ ಹೆಸರಿಗೆ ತಿರುಗಿ ನೋಡ್ತಿದ್ರೋ ಅದನ್ನು ಹೇಳಿ.” ಕೆಲವರು ಸಿಟ್ಟಾಗಿ ಹೋದದ್ದೂ ಉಂಟು. ತೀರಿಕೊಂಡ ದಿನವನ್ನು ಪಟ್ಟಿಯಲ್ಲಿ ಹಾಕಲು ಮಾತ್ರ ಒಪ್ಪುತ್ತಿರಲಿಲ್ಲ. ಗೋಡೆಯ ಮೇಲಿನವರು ದಿನಾ ಅದನ್ನೇ ಓದಿಕೊಳ್ಳಬೇಕಾ ಎಂದು ಕೇಳುತ್ತಿದ್ದರು.

ಮೆಚ್ಚುವುದರಲ್ಲಿ ಭಾರೀ ಜಿಪುಣರು. ಹೇಳಿದ ದಿನಕ್ಕೆ ಕೆಲಸ ಕೊಟ್ಟದ್ದೇ ಇಲ್ಲ. ಎಲೆ ಅಡಿಕೆ ಬಿಟ್ಟಿದ್ದರು, ಆರೋಗ್ಯಕ್ಕಾಗಿ ಅಲ್ಲ, ನಾಲಗೆಯ ಕೆಂಪು ಮರಕ್ಕೆ ಹತ್ತುತ್ತದೆ ಎಂದು. ಬೆರಳು ನೆಕ್ಕಿ ಹಲಗೆ ನೋಡುವ ಆ ಕೆಲಸ ನನಗೆ ಹೇಸಿಗೆ. ನಾನು ಒಂದು ಲೋಟ ನೀರು, ಒಂದು ಬಟ್ಟೆ ಇಟ್ಟುಕೊಳ್ಳುತ್ತಿದ್ದೆ. ಅದನ್ನು ಕಂಡಾಗಲೆಲ್ಲ ಅವರು, “ನಮ್ಮ ಅಕ್ಕ ಮರಕ್ಕೆ ಸ್ನಾನ ಮಾಡಿಸ್ತಾರೆ,” ಎಂದು ಹೆಂಡತಿಯ ಹತ್ತಿರ ಹೇಳಿ ನಗುತ್ತಿದ್ದರು.

ಬೆರಳು ನಾಲಗೆಗೆ ಹೋಗುವ ಮೊದಲು ಮಾತ್ರ ಒಂದು ಪ್ರಶ್ನೆ ಇರುತ್ತಿತ್ತು. ಯಾರು ಮರ ತಂದರೂ, ಈ ಮರ ಎಲ್ಲಿ ನಿಂತಿತ್ತು ಎಂದು ಕೇಳುತ್ತಿದ್ದರು. ಗುಡ್ಡೆಯಲ್ಲೋ, ತೋಡಿನ ಬದಿಯಲ್ಲೋ, ಮನೆಯಂಗಳದಲ್ಲೋ. ಅದೊಂದು ಅಭ್ಯಾಸ ಎಂದುಕೊಂಡಿದ್ದೆ. ಹೊಸಬರನ್ನು ಮಾತಿಗೆಳೆಯಲು ಊರು ಕೇಳುತ್ತೇವಲ್ಲ, ಹಾಗೆ. ಕೊನೆಯ ಒಂದೆರಡು ವರ್ಷ ನಾನು ಆರಿಸಿಟ್ಟ ಹಲಗೆಗಳಿಗೆ ಆ ಪ್ರಶ್ನೆ ನಿಂತುಹೋಗಿತ್ತು. ನಾನು ಇಟ್ಟ ಜೋಡಿಯ ಮೇಲೆ ಒಮ್ಮೆ ಬೆರಳೆಳೆದು ನೋಡಿ ಮೆಷಿನ್ನಿಗೆ ಹಾಕಿಬಿಡುತ್ತಿದ್ದರು. ಅದೇ ಅವರ ಮೆಚ್ಚುಗೆ ಎಂದು ನನಗೆ ಆಗ ಹೊಳೆದಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಕಕ್ಕಿಂಜೆಯ ಒಬ್ಬರು ನನ್ನ ಅಂಗಡಿಗೆ ಬಂದರು. ಮಸ್ಕತ್ತಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ, ರಜೆಯಲ್ಲಿ ಬಂದವರು. ಹಿಂದಿನ ವರ್ಷ ತೀರಿಕೊಂಡ ತಂದೆಯ ಚಿತ್ರ ಆಗಬೇಕು, ಅದೂ ತಂದೆ ನೋಡಿಕೊಂಡಿದ್ದ ಜಾಗದ ಮರದಲ್ಲೇ. ಜೀಪಿನಲ್ಲಿ ನಾಲ್ಕು ಹಲಗೆ ತಂದಿದ್ದರು. ಎರಡು ಹಲಸು, ಒಂದು ಮಾವು. ನಾಲ್ಕನೆಯದು ಮಾಸಲು ಬಿಳಿ, ಅದರ ಉದ್ದಕ್ಕೂ ಶಾಯಿ ಚೆಲ್ಲಿ ಹರಿದ ಹಾಗೆ ಕಡುಕಪ್ಪು ಪಟ್ಟೆಗಳು. ಅಂಥದ್ದನ್ನು ನಾನು ನೋಡಿಯೇ ಇರಲಿಲ್ಲ. ಯಾವ ಮರ ಎಂದು ಕೇಳಿದೆ.

“ಎಂತದೋ ಕಾಟು ಮರ ಮೇಡಂ, ಕಾಡಿನದ್ದು. ಗುಡ್ಡೆ ಕಡಿದು ರಬ್ಬರ್ ಇಟ್ಟಾಗ ಮಿಲ್ಲಿಗೆ ಹಾಕಿಸಿದ್ದು, ಕೊಟ್ಟಿಗೆಯ ಅಟ್ಟದಲ್ಲಿತ್ತು. ಅಪ್ಪನಿಗೆ ಗೊತ್ತಿತ್ತು.”

ಅಪ್ಪನಿಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾವಿಬ್ಬರೂ ಕಾಲೇಜು ಓದಿದವರು, ಆ ಹಲಗೆಯನ್ನು ನಡುವೆ ಇಟ್ಟುಕೊಂಡು ಚೆಂದ ಉಂಟು, ಚೆಂದ ಇದೆ ಎಂದು ಮಾತಾಡಿಕೊಂಡೆವು. ನಾನು ನಾಲ್ಕನ್ನೂ ಪೇಪರಿನಲ್ಲಿ ಸುತ್ತಿ, ಮಧ್ಯಾಹ್ನ ಸಿದ್ಧಕಟ್ಟೆಗೆ ಕೊಂಡುಹೋದೆ.

ಜಡಿಮಳೆ. ಕರೆಂಟು ಇರಲಿಲ್ಲ. ಅವರ ಹೆಂಡತಿ ಬೆಳ್ತಂಗಡಿಗೆ ಮಗಳ ಮನೆಗೆ ಹೋಗಿದ್ದರು. ಶೆಡ್ಡಿನ ಒಳಗೆ ಮಸುಕು ಬೆಳಕಿನಲ್ಲಿ ಆಚಾರ್ರು ಸುಮ್ಮನೆ ಕೂತು ಗರಗಸದ ಎಳೆಗಳನ್ನು ಬೇರೆ ಮಾಡುತ್ತಿದ್ದರು. ನಾನು ಪೇಪರ್ ಬಿಚ್ಚಿ, ಆ ನಾಲ್ಕನೆಯ ಹಲಗೆಯನ್ನೇ ಮೊದಲು ಕೊಟ್ಟೆ. ನಾನಾಡಿದ ಮಾತು ಅಕ್ಷರಕ್ಕೆ ಅಕ್ಷರ ನೆನಪಿದೆ. “ಈ ಸಲ ಎರಡು ಮರ ಬೇಡ ಆಚಾರ್ರೇ, ಒಂದರಲ್ಲೇ ಎರಡು ಬಣ್ಣ ತಂದಿದೀನಿ.”

ಅವರು ಕೇಳಲಿಲ್ಲ. ಎಲ್ಲಿ ನಿಂತಿತ್ತು ಎಂದು ಕೇಳಲಿಲ್ಲ. ಹೆಬ್ಬೆರಳು ನಾಲಗೆಗೆ ಹೋಯಿತು, ಬಿಳಿಯ ಮೇಲೆ ಬಂತು. ಮತ್ತೆ ನಾಲಗೆಗೆ ಹೋಯಿತು, ಕಪ್ಪಿನ ಮೇಲೆ ಬಂತು, ಈ ಸಲ ಒತ್ತಿ ಉಜ್ಜಿದರು. ಪೊರ್ಲುಂಟು, ಚೆಂದ ಉಂಟು ಅಂದರು, ಅವರ ಬಾಯಿಂದ ಅಪರೂಪಕ್ಕೆ ಬರುವ ಮಾತು. ಮೂರನೆಯ ಸಲ ಬೆರಳು ನಾಲಗೆಗೆ ಹೋಯಿತು. ಎರಡಕ್ಕೂ ಮೂರಕ್ಕೂ ನಡುವೆ ನನಗೆ ಸಮಯವಿತ್ತು. ಕಪ್ಪು ಅವರ ಬೆರಳಿಗೆ ಹತ್ತಿತ್ತು, ನಾನು ಅದನ್ನು ನೋಡಿದ್ದೆ. ಬೀಟೆಯ ಕಪ್ಪು ಬೆರಳಿಗೆ ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ. ಈ ವರ್ಷವಿಡೀ ನಾನು ನಿಂತಿರುವುದು ಆ ಎರಡಕ್ಕೂ ಮೂರಕ್ಕೂ ನಡುವೆ.

ಕಾಲು ಗಂಟೆಯಾಗಿರಬಹುದು. ನಾನು ನಕ್ಷೆ ಬಿಡಿಸುತ್ತಿದ್ದೆ. ಅವರು ತುಟಿಯನ್ನು ಅಂಗಿಯ ತೋಳಿನಿಂದ ಎರಡು ಮೂರು ಸಲ ಒರೆಸಿಕೊಂಡರು. ಆಮೇಲೆ ಎದ್ದು ಆ ಹಲಗೆಯನ್ನು ಬಾಗಿಲಿನ ಬೆಳಕಿಗೆ ಕೊಂಡುಹೋಗಿ, ಅದರ ತುದಿಯನ್ನು ಓರೆಯಾಗಿ ಹಿಡಿದು ನೋಡಿದರು. ನೋಡಿ ನಿಧಾನವಾಗಿ ನೆಲಕ್ಕಿಟ್ಟರು. “ಇದು ಚೇರೆ,” ಅಂದರು.

ಚೇರೆ ಮರದ ಸೊನೆ ತಾಗಿದರೆ ಮೈ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಸೊನೆ ಹೊರಬಂದು ಒಣಗಿದರೆ ಕಪ್ಪಾಗುತ್ತದೆ. ನಾನು ಹೊಸ ಬಣ್ಣ ಎಂದು ಮೆಚ್ಚಿದ್ದು ಅದನ್ನು. ಕೆಲವರಿಗೆ ಮರದ ಕೆಳಗೆ ನಡೆದರೂ ಮುಖ ಬಾತುಕೊಳ್ಳುತ್ತದಂತೆ. ಆಚಾರ್ರಿಗೆ ಹುಡುಗಾಟದ ವಯಸ್ಸಿನಲ್ಲಿ ಒಮ್ಮೆ ಬಡಿದು ತಿಂಗಳು ಮಲಗಿದ್ದರಂತೆ. ಒಮ್ಮೆ ಹಾಗಾದವರ ಮೈ ಎರಡನೆಯ ಸಲ ತಡೆಯುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಇದೊಂದೂ ನನಗೆ ಆ ಹೊತ್ತಿನಲ್ಲಿ ಗೊತ್ತಿರಲಿಲ್ಲ. ನನಗೆ ಕಂಡದ್ದು ಅವರ ಕೆಳತುಟಿ ಮಾತ್ರ. ಅದು ನೋಡುತ್ತಿದ್ದ ಹಾಗೇ ದಪ್ಪವಾಗುತ್ತಿತ್ತು.

ಆಸ್ಪತ್ರೆಗೆ ಹೋಗೋಣ, ಆಟೋ ತರ್ತೀನಿ ಎಂದು ನಾನು ಬಾಗಿಲಿಗೆ ಓಡಿದೆ. ಅವರು ಅಡ್ಡ ನಿಂತರು. “ಪಿದಯಿ,” ಅಂದರು ತುಳುವಿನಲ್ಲಿ, ಹೊರಗೆ ಎಂದು, ಮತ್ತು ಅಂಗಳದ ನಲ್ಲಿಯ ಕಡೆ ಕೈ ತೋರಿಸಿದರು. ನನಗೆ ಅರ್ಥವಾಗಲಿಲ್ಲ. ಬಾಯಿ ತೊಳೆಯಲು ಅವರೇ ಹೋಗುತ್ತಾರೆ ಎಂದುಕೊಂಡೆ. ಅವರು ಬಾಯಿ ಮುಕ್ಕಳಿಸಿ ಉಗುಳಿ, ಬಟ್ಟೆ ಸೋಪನ್ನು ನನ್ನ ಕೈಗೆ ತುರುಕಿದರು.

“ಕೈ ತೊಳೆಯಿರಿ.”

“ಆಮೇಲೆ ತೊಳೀತೀನಿ ಆಚಾರ್ರೇ, ಮೊದಲು ನೀವು...”

“ಮನೆಯಲ್ಲಿ ಮಗು ಉಂಟಲ್ಲ. ಅದೇ ಕೈಯಲ್ಲಿ ಎತ್ತುವುದಲ್ವಾ. ತೊಳೆಯಿರಿ.”

ಅದು ಆ ದಿನ ಅವರು ಆಡಿದ ಕೊನೆಯ ಮಾತು. ಅದರ ನಂತರ ನಾಲಗೆ ಹೊರಳಲಿಲ್ಲ. ನನ್ನ ಮಗಳಿಗೆ ಆಗ ಎಂಟು ತಿಂಗಳು. ನಾನು ಮಳೆಯಲ್ಲಿ ನಿಂತು ಸೋಪು ಹಚ್ಚಿ ತೊಳೆದೆ, ಹೊರಡಲು ತಿರುಗಿದೆ. ಅವರು ಬೆರಳೆತ್ತಿ ‘ಇನ್ನೊಮ್ಮೆ’ ಎಂದು ಸನ್ನೆ ಮಾಡಿದರು. ತೊಳೆದೆ. ಮತ್ತೆ ಬೆರಳು ಎತ್ತಿದರು. ಅಷ್ಟರಲ್ಲಿ ಅವರ ಒಂದು ಕಣ್ಣು ಮುಚ್ಚಿಕೊಂಡಿತ್ತು, ಉಸಿರಿನಲ್ಲಿ ಒದ್ದೆ ಮರಕ್ಕೆ ಸಿಕ್ಕಿಬಿದ್ದ ಗರಗಸದ ಸದ್ದು ಬರುತ್ತಿತ್ತು. ಮೂರನೆಯ ಸಲ ಮೊಣಕೈವರೆಗೆ ತೊಳೆಯುವ ತನಕ ಅವರು ಅಲುಗಲಿಲ್ಲ. ಇರುವ ಉಸಿರನ್ನು ನನಗಾಗಿ ಖರ್ಚು ಮಾಡುತ್ತಾ ನಿಂತಿದ್ದರು. ನಾನು ಅಳುತ್ತಾ ತೊಳೆಯುತ್ತಿದ್ದೆ, ಅವರ ಮೇಲೆ ಸಿಟ್ಟೂ ಬರುತ್ತಿತ್ತು.

ಆಟೋದವನು ಪರಿಚಯದವನೇ. ಬಂಟ್ವಾಳದ ಆಸ್ಪತ್ರೆಗೆ ಆ ಮಳೆಯಲ್ಲಿ ಅರ್ಧ ಗಂಟೆಯ ದಾರಿ. ದಾರಿಯುದ್ದಕ್ಕೂ ನಾನು ಅವರ ಬೆನ್ನು ಹಿಡಿದು ನೇರ ಕೂರಿಸಿದ್ದೆ. ನಡುವೆ ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೈ ಆಡಿಸಿದರು, ಬರೆಯಲು ಏನಾದರೂ ಕೊಡಿ ಎಂಬಂತೆ. ನನ್ನ ಚೀಲದಲ್ಲಿದ್ದದ್ದು ಕಕ್ಕಿಂಜೆಯವರ ತಂದೆಯ ನಕ್ಷೆ ಮಾತ್ರ. ಅದರ ಹಿಂದೆ ‘ಚೇರೆ’ ಎಂದು ಬರೆದು ಸುತ್ತು ಹಾಕಿದರು. ಡಾಕ್ಟರಿಗೆ ತೋರಿಸಲು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕಾಗದ ಎಳೆದುಕೊಂಡರು. ಹೆಂಡತಿ ಮಗಳಿಗೆ ಏನೋ ಬರೆಯುತ್ತಿದ್ದಾರೆ ಎಂದುಕೊಂಡೆ. ಆಟೋದ ಕುಲುಕಾಟದಲ್ಲಿ ಸೊಟ್ಟ ಅಕ್ಷರದಲ್ಲಿ ಬರೆದು ನನ್ನ ಮಡಿಲಿಗಿಟ್ಟರು. ‘ಮುಖಕ್ಕೆ ಹಲಸು ಹಾಕಿ.’

ಆಸ್ಪತ್ರೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು, ಬೇರೆ ಊರಿನವರು. ಚೇರೆ ಅಂದರೇನು ಎಂದು ನನ್ನನ್ನೇ ಕೇಳಿದರು. ನರ್ಸಮ್ಮ ಕಾಗದ ಓದಿದ್ದೇ, ಅಯ್ಯೋ ದೇವರೇ, ಬಾಯಿಗೆ ಹೇಗೆ ಹೋಯಿತು ಎಂದು ನನ್ನ ಮುಖ ನೋಡಿದರು. ಒಂದಾದ ಮೇಲೊಂದು ಇಂಜೆಕ್ಷನ್ ಕೊಟ್ಟು ಮೂಗಿಗೆ ಆಮ್ಲಜನಕ ಹಾಕಿದರು. ಗಂಟೆ ಕಳೆದು ಆ ಗರಗಸದ ಸದ್ದು ಕಡಿಮೆಯಾಗತೊಡಗಿತು. ಗೋಡೆಗೆ ಒರಗಿ ನಿಂತಿದ್ದ ನಾನು ನೆಲದ ಮೇಲೆ ಕೂತುಬಿಟ್ಟೆ. ನನ್ನ ಎಡ ಮೊಣಕೈಯ ಮಡಿಕೆಯಲ್ಲಿ, ಮಳೆಗೆ ಒದ್ದೆಯಾದ ಪೇಪರಿನ ಸಮೇತ ಹಲಗೆಯನ್ನು ಅವುಚಿ ತಂದಿದ್ದ ಜಾಗದಲ್ಲಿ, ಮಾರನೆಯ ದಿನ ಒಂದು ಸಾಲು ಬೊಬ್ಬೆ ಎದ್ದಿತು. ಸೋಪು ತಲುಪದೆ ಬಿಟ್ಟದ್ದು ಅಷ್ಟೇ ಜಾಗ. ಕೈಗಳಿಗೆ ಏನೂ ಆಗಲಿಲ್ಲ. ಮಗಳಿಗೆ ಏನೂ ಆಗಲಿಲ್ಲ.

ಅವರು ನಾಲ್ಕು ದಿನ ಮಲಗಿದರು. ನೋಡಲು ಬಂದವರಿಗೆಲ್ಲ ಹೇಳಿದ್ದು ಒಂದೇ ಕಥೆ: ಕತ್ತಲಲ್ಲಿ ಯಾವುದೋ ಹಲಗೆ ಎತ್ತಿಕೊಂಡೆ, ಬುದ್ಧಿ ಇಲ್ಲದೆ ನೆಕ್ಕಿದೆ. ನನ್ನ ಹೆಸರು ಅದರಲ್ಲಿ ಎಲ್ಲೂ ಬರಲಿಲ್ಲ. ಆಟೋದವನು ಬಂದು, “ಆಚಾರ್ರೇ, ಈಗ ಯಾವ ಮರಕ್ಕೆ ಉಪ್ಪು ಕಡಿಮೆ ಅಂತ ಹೇಳ್ತೀರಾ?” ಎಂದು ಕಾಲೆಳೆದ. ಇವರು ಬಾತ ತುಟಿಯಲ್ಲೇ ನಕ್ಕು, ಅದು ನೋವಾಗಿ ಮುಖ ಹಿಂಡಿದರು. ಮನೆಗೆ ಬಂದ ಮೇಲೆ ಅವರ ಹೆಂಡತಿ ಅವರನ್ನು ಗುಡ್ಡೆಯ ತಾರೆ ಮರದ ಹತ್ತಿರ ಕರೆದುಕೊಂಡು ಹೋಗಿ ಮೂರು ಸುತ್ತು ಬರಿಸಿದರಂತೆ. ಚೇರೆಯ ಸಿಟ್ಟನ್ನು ತಾರೆ ಇಳಿಸುತ್ತದೆ ಎಂದು ಹಿರಿಯರ ನಂಬಿಕೆ. ನೀವು ನಂಬ್ತೀರಾ ಎಂದು ಕೇಳಿದೆ. “ಇಂಜೆಕ್ಷನ್ ಡಾಕ್ಟರಿಗೆ ಸಮಾಧಾನ ಆಗ್ಲಿಕ್ಕೆ, ಸುತ್ತು ಇವಳಿಗೆ,” ಅಂದರು.

ಜೀವ ಉಳಿಯಿತು. ಕೆಲಸ ಉಳಿಯಲಿಲ್ಲ. ಆಮೇಲೆ ಯಾವ ಮರದ ಹುಡಿ ತಾಗಿದರೂ ಅವರಿಗೆ ಕೆಮ್ಮು ಕಟ್ಟಿ ಉಸಿರು ಸಿಗುತ್ತಿರಲಿಲ್ಲ. ಹಲಸಿಗೂ, ಮಾವಿಗೂ. ಇನ್ನು ಶೆಡ್ಡಿನೊಳಗೆ ಹೋಗಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ನಾನೂ ಹೋಗಲಿಲ್ಲ. ಹಲಗೆಯನ್ನು ಮುಟ್ಟಲಿಲ್ಲ. ಝೆರಾಕ್ಸ್, ಅರ್ಜಿ, ಲಗ್ನಪತ್ರಿಕೆ ಇಷ್ಟೇ ಸಾಕು ಎಂದು ನಿರ್ಧರಿಸಿದೆ. ಮಸ್ಕತ್ತಿನವರಿಗೆ ಫೋನ್ ಮಾಡಿ, ಉಳಿದ ಹಲಗೆಗಳನ್ನು ವಾಪಸು ತೆಗೆದುಕೊಳ್ಳಿ ಎಂದು ಹೇಳಲು ನಾಲ್ಕು ಸಲ ನಂಬರ್ ಒತ್ತಿ ನಾಲ್ಕು ಸಲವೂ ಕಡಿದೆ.

ಎರಡು ತಿಂಗಳ ಮೇಲೆ ಆಚಾರ್ರೇ ಬಸ್ಸಿನಲ್ಲಿ ಅಂಗಡಿಗೆ ಬಂದರು, ಹೆಂಡತಿಯ ಜತೆ. ಕಕ್ಕಿಂಜೆಯ ಕೆಲಸ ಹಾಗೇ ಉಂಟಲ್ಲ ಎಂದು ಕೇಳಿದರು, ನಿನ್ನೆ ತಾನೇ ಬಿಟ್ಟುಹೋದದ್ದರ ಬಗ್ಗೆ ಕೇಳುವ ಹಾಗೆ. ನಾನು ಮಾಡುವುದಿಲ್ಲ ಎಂದೆ. ಯಾಕೆ ಎಂದು ಹೆಂಡತಿ ಕೇಳಿದರು. ಅಷ್ಟು ದಿನ ಕಟ್ಟಿಕೊಂಡದ್ದು ಬಾಯಿಗೆ ಬಂತು. ಆ ಹಲಗೆಯನ್ನು ಇವರು ಎತ್ತಿಕೊಂಡದ್ದಲ್ಲ ಅಮ್ಮ, ನಾನು ತಂದದ್ದು, ನಾನೇ ಕೈಗೆ ಕೊಟ್ಟದ್ದು, ಬೆರಳಿಗೆ ಕಪ್ಪು ಹತ್ತಿದ್ದನ್ನು ನೋಡಿಯೂ ಸುಮ್ಮನಿದ್ದೆ ಎಂದು ಅವರ ಮುಖ ನೋಡಿಕೊಂಡೇ ಹೇಳಿದೆ. ಅವರು ಗಂಡನ ಕಡೆ ತಿರುಗಿದರು. ಝೆರಾಕ್ಸ್ ಮೆಷಿನ್ನು ಒಂದೇ ಸದ್ದು ಮಾಡುತ್ತಿತ್ತು.

ಆಚಾರ್ರಿಗೆ ಸ್ವಲ್ಪ ಸಿಟ್ಟು ಬಂದ ಹಾಗಿತ್ತು. “ನೀವು ಕೊಟ್ಟದ್ದು ಹಲಗೆ ಅಕ್ಕ. ನಾಲಗೆ ನನ್ನದು.” ಆಮೇಲೆ ಸ್ವರ ತಗ್ಗಿಸಿದರು. “ಬೇರೆ ಯಾರು ತಂದರೂ ಕೇಳ್ತೇನೆ ನಾನು, ಎಲ್ಲಿ ನಿಂತಿದ್ದ ಮರ ಅಂತ. ನಿಮ್ಮ ಹತ್ತಿರ ಕೇಳುವುದನ್ನು ಬಿಟ್ಟಿದ್ದೆ. ಎರಡು ವರ್ಷದಲ್ಲಿ ನೀವು ಇಟ್ಟ ಜೋಡಿ ಒಂದೂ ತಪ್ಪಿರಲಿಲ್ಲ. ಮರದ ಹೆಸರು ನಾಳೆಯಿಂದ ಕಲಿಯುವ. ಬಣ್ಣ ನೋಡುವ ಕಣ್ಣು ಕಲಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ, ಅದು ನಿಮಗೆ ಉಂಟು. ಒಂದು ಹಲಗೆಗೆ ಹೆದರಿ ಅದನ್ನು ಹಾಳು ಮಾಡಬೇಡಿ.”

ಆರು ವರ್ಷದಲ್ಲಿ ಅವರಿಂದ ನನಗೆ ಸಿಕ್ಕ ಹೊಗಳಿಕೆ ಅಷ್ಟೇ. ಹೆಂಡತಿ ನನ್ನ ಕೈ ಹಿಡಿದು ಮೊಣಕೈಯ ಕಲೆ ನೋಡಿದರು. ಹೋಗುವಾಗ 'ಎಣ್ಣೆ ಹಚ್ಚು' ಅಂದರು.

ಮೆಷಿನ್ನನ್ನು ನನ್ನ ಅಂಗಡಿಯ ಹಿಂದಿನ ಕೋಣೆಗೆ ತಂದೆವು. ಮರಗಳ ಹೆಸರು ಕಲಿಯುವುದು ನಿಜವಾಗಿಯೂ ಮಾರನೆಯ ವಾರ ಶುರುವಾಯಿತು. ಅವರು ನನ್ನನ್ನು ಸಿದ್ಧಕಟ್ಟೆಯ ಗುಡ್ಡೆಗೆ ನಡೆಸಿಕೊಂಡು ಹೋಗಿ, ದೂರದಿಂದಲೇ ಒಂದು ಚೇರೆ ಮರ ತೋರಿಸಿದರು. ಎಲೆಗಳು ಗೊಂಚಲಾಗಿ ಕೊಂಬೆಯ ತುದಿಯಲ್ಲಿ, ತೊಗಟೆಯ ಮೇಲೆ ಕಪ್ಪು ಇಳಿದ ಗೆರೆ. ತುಂಬ ಚೆಂದದ ಮರ. ಅದರ ಹತ್ತಿರ ನಿಂತಿದ್ದ ಇನ್ನೂ ಒಂಬತ್ತು ಮರಗಳ ಹೆಸರು ಆ ದಿನ ಬರೆದುಕೊಂಡೆ.

ಕಕ್ಕಿಂಜೆಯವರ ತಂದೆಯ ಮುಖವನ್ನು ಅವರದೇ ಜಾಗದ ಹಲಸಿನಲ್ಲಿ ಕತ್ತರಿಸಿದೆ. ಹನ್ನೊಂದು ದಿನ ಹಿಡಿಯಿತು. ಹಿಂದೆ ಹಳೆ ಮಂಚದ ಬೀಟೆ. ಪಟ್ಟಿಗೆ ಅವರ ಮಾವು. ಮಗ ಕಳಿಸಿದ ಉದ್ದದ ಹೆಸರನ್ನು ಬದಿಗಿಟ್ಟು, ಅವರ ತಾಯಿಗೆ ಫೋನ್ ಮಾಡಿ ಕೇಳಿ, ‘ಕುಂಞಣ್ಣ’ ಎಂದಷ್ಟೇ ಹಾಕಿದೆ. ಮಗ ಮಸ್ಕತ್ತಿನಿಂದ ಸ್ವಲ್ಪ ಗೊಣಗಿದರು. ಕೊಂಡುಹೋಗಿ ಕೊಟ್ಟ ದಿನ ಆ ತಾಯಿ ಚಿತ್ರವನ್ನು ಗೋಡೆಗೆ ಹಾಕಲು ಬಿಡದೆ, ಸಂಜೆಯವರೆಗೆ ಪಕ್ಕದ ಕುರ್ಚಿಯಲ್ಲಿ ಇಟ್ಟುಕೊಂಡು ಕೂತಿದ್ದರಂತೆ.

ಈಗ ಆಚಾರ್ರು ಬೆಳ್ತಂಗಡಿಯಲ್ಲಿ ಮಗಳ ಮನೆಯ ಹತ್ತಿರ ಇದ್ದಾರೆ. ತಿಂಗಳಿಗೊಮ್ಮೆ ಬಂಟ್ವಾಳಕ್ಕೆ ಬರುತ್ತಾರೆ. ಹುಡಿಗೆ ಹೆದರಿ ಒಳಗೆ ಬರುವುದಿಲ್ಲ, ಅಂಗಡಿಯ ಹೊರಗಿನ ಬೆಂಚಿನಲ್ಲಿ ಟವೆಲು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಮೊನ್ನೆ ಮೂಡುಬಿದಿರೆಯಿಂದ ಒಬ್ಬರು ಹಳೆಯ ಗಿರಾಕಿ ಅತ್ತೆಯ ಫೋಟೋ ಹಿಡಿದು ಬಂದರು. ಆಚಾರ್ರನ್ನು ಕಂಡು ಅವರಿಗೆ ಭಾರೀ ಖುಷಿ. ಫೋಟೋವನ್ನು ಅವರ ಕೈಗೇ ಕೊಟ್ಟು, ಇದಕ್ಕೆ ಯಾವ ಮರ ಆಗಬಹುದು ಎಂದು ಕೇಳಿದರು. ನಾನು ಹಿಂದಿನ ಕೋಣೆಯಲ್ಲಿ ಮೆಷಿನ್ನು ನಿಲ್ಲಿಸಿ ಕಿವಿಗೊಟ್ಟೆ. ಅವರು ಫೋಟೋ ನೋಡುತ್ತಿದ್ದಿರಬೇಕು.

“ಒಳಗೆ ಕೇಳಿ,” ಅಂದರು ಆಚಾರ್ರು.